ಸಂಬಳದ ಊರಿನಲ್ಲಿ ಜೀವವಿಮೆ: ಮುಂಬಯಿಯ ಒಂದೂವರೆ ಶತಮಾನ

ಜೀವವಿಮೆಯೆಂಬ ವ್ಯವಸ್ಥೆ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಕಲ್ಕತ್ತೆಯಲ್ಲಾದರೂ ಅದು ಭಾರತೀಯರದಾಗಿ ಬೇರುಬಿಟ್ಟದ್ದು ಮುಂಬಯಿಯಲ್ಲಿ. ಇದರ ಕಾರಣವನ್ನು ಕಂಪನಿಗಳ ಚರಿತ್ರೆಗಿಂತ ಮೊದಲು ಆ ನಗರದ ಬದುಕಿನ ಸ್ವರೂಪದಲ್ಲಿ ಹುಡುಕಬೇಕಾಗುತ್ತದೆ. ಹೊಲಮನೆಯಿರುವ ಹಳ್ಳಿಯಲ್ಲಿ ದುಡಿಯುವವನು ಸತ್ತರೆ ಮನೆ ಕುಗ್ಗುತ್ತದೆಯೇ ಹೊರತು ಒಮ್ಮೆಗೇ ನಿಂತುಹೋಗುವುದಿಲ್ಲ. ಭೂಮಿ ಉಳಿದಿರುತ್ತದೆ, ದನಕರು ಉಳಿದಿರುತ್ತವೆ, ಉಳುವುದಕ್ಕೆ ಅಣ್ಣತಮ್ಮಂದಿರಿರುತ್ತಾರೆ. ಗಿರಣಿ, ಬಂದರು, ರೈಲ್ವೆ, ಪೇಢಿ ಮತ್ತು ಕಚೇರಿಗಳ ಸುತ್ತ ಬೆಳೆದ ಮುಂಬಯಿಯಲ್ಲಿ ಬಹುಪಾಲು ಜನರ ಪಾಲಿಗೆ ಆಸ್ತಿಯೆಂದರೆ ತಿಂಗಳ ಸಂಬಳವೊಂದೇ ಆಗಿತ್ತು. ಆ ಸಂಬಳವಾದರೋ ದುಡಿಯುವವನ ಉಸಿರಿನ ಜೊತೆಗೇ ನಿಲ್ಲುವಂಥದ್ದು. 1880ರಲ್ಲಿ ಅಂಚೆ ಇಲಾಖೆಯ ಮನಿಯಾರ್ಡರ್ ವ್ಯವಸ್ಥೆ ಬಂದ ಮೇಲೆ ರತ್ನಾಗಿರಿಯಿಂದ ಕನ್ನಡ ಕರಾವಳಿಯವರೆಗೆ ಎಷ್ಟೋ ಮನೆಗಳ ಒಲೆ ಮುಂಬಯಿಯ ಒಬ್ಬ ಗಂಡಸಿನ ದುಡಿಮೆಯ ಮೇಲೆ ಉರಿಯತೊಡಗಿತು. ಹೀಗೆ ಒಬ್ಬನ ಆಯುಷ್ಯದ ಮೇಲೆ ಐದಾರು ಜನರ ಅನ್ನ ನಿಂತಿರುವ ಕಡೆಯಲ್ಲಿಯೇ ಜೀವವಿಮೆಗೆ ನಿಜವಾದ ಅರ್ಥವಿದೆ: ಹಲವರು ನಿಯತವಾಗಿ ಒಂದು ಕಂತನ್ನು, ಅಂದರೆ ಪ್ರೀಮಿಯಂ ಅನ್ನು, ಒಂದು ನಿಧಿಗೆ ಕಟ್ಟುತ್ತಾ ಬರುತ್ತಾರೆ, ಅವರಲ್ಲಿ ಅಕಾಲದಲ್ಲಿ ತೀರಿಕೊಂಡವರ ಕುಟುಂಬಕ್ಕೆ ಮೊದಲೇ ಒಪ್ಪಿದ ವಿಮಾಮೊತ್ತ ಆ ನಿಧಿಯಿಂದ ಸಲ್ಲುತ್ತದೆ.

1818ರಲ್ಲಿ ಕಲ್ಕತ್ತೆಯಲ್ಲಿ ಯುರೋಪಿಯನ್ನರು ತೆರೆದ ಓರಿಯೆಂಟಲ್ ಕಂಪನಿಯಾಗಲಿ, 1829ರಲ್ಲಿ ವ್ಯವಹಾರ ಆರಂಭಿಸಿದ ಮದರಾಸ್ ಈಕ್ವಿಟಬಲ್ ಆಗಲಿ ಮುಖ್ಯವಾಗಿ ಗಮನಿಸಿದ್ದು ಇಲ್ಲಿ ನೌಕರಿಯಲ್ಲಿದ್ದ ಬಿಳಿಯರ ಹೆಂಡತಿ ಮಕ್ಕಳನ್ನು. ಮುಂದೆ ವಿದೇಶೀ ಕಂಪನಿಗಳು ಭಾರತೀಯರ ಜೀವಕ್ಕೂ ವಿಮೆ ನೀಡಲು ಒಪ್ಪಿದವಾದರೂ ಆ ಜೀವಗಳನ್ನು ಕೆಳದರ್ಜೆಯವೆಂದು ಎಣಿಸಿ ಭಾರವಾದ ಹೆಚ್ಚುವರಿ ಪ್ರೀಮಿಯಂ ವಿಧಿಸುತ್ತಿದ್ದವು. ಇದನ್ನು ಬರೀ ಜನಾಂಗದ್ವೇಷವೆಂದು ತಳ್ಳಿಹಾಕಿದರೆ ಅರ್ಧ ಸತ್ಯ ಮಾತ್ರ ಹೇಳಿದಂತಾಗುತ್ತದೆ. ವಿಮೆಯ ದರ ನಿಂತಿರುವುದು ಮರಣ ಕೋಷ್ಟಕದ ಮೇಲೆ. ಮರಣ ಕೋಷ್ಟಕವೆಂದರೆ ಒಂದೇ ವಯಸ್ಸಿನ ಸಾವಿರಾರು ಜನರಲ್ಲಿ ಒಂದು ವರ್ಷದೊಳಗೆ ಎಷ್ಟು ಮಂದಿ ಸಾಯಬಹುದೆಂಬುದನ್ನು ಹಿಂದಿನ ಅನುಭವದಿಂದ ಲೆಕ್ಕಹಾಕಿ ತೋರಿಸುವ ಪಟ್ಟಿ. ಭಾರತೀಯರಿಗೆ ಅಂಥ ಪಟ್ಟಿಯೇ ಇರಲಿಲ್ಲ. ಆದರೆ ಭಾರತೀಯರಿಗೆ ಸಮನಾದ ದರದಲ್ಲಿ ಪಾಲಿಸಿ ಕೊಡದ ಹೊರತು ಆ ಅನುಭವ ಸಂಗ್ರಹವಾಗುವ ದಾರಿಯೂ ಇರಲಿಲ್ಲ. ಲೆಕ್ಕ ಗೊತ್ತಿಲ್ಲದ ನೆಪದಲ್ಲಿ ಹೆಚ್ಚು ಹಣ ಪಡೆಯುತ್ತಿದ್ದವರು ಲೆಕ್ಕ ತಿಳಿಯುವ ಆತುರ ತೋರಲಿಲ್ಲವೆಂಬುದೇ ಅನ್ಯಾಯದ ತಿರುಳು.

ಈ ಸುತ್ತನ್ನು ಒಡೆದದ್ದು 1870-71ರಲ್ಲಿ ಸ್ಥಾಪನೆಯಾದ ಬಾಂಬೆ ಮ್ಯೂಚುವಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ. ಭಾರತೀಯರ ಜೀವಕ್ಕೆ ಸಾಮಾನ್ಯ ದರದಲ್ಲಿಯೇ ವಿಮೆ ನೀಡಿದ ಮೊದಲ ಭಾರತೀಯ ಸಂಸ್ಥೆಯೆಂದು ಇದು ಹೆಸರಾಗಿದೆ. ಅದು ಹುಟ್ಟಿದ ಸಮಯವೂ ಗಮನಾರ್ಹವಾದದ್ದು. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ ಹತ್ತಿಯ ಬೆಲೆ ಆಕಾಶಕ್ಕೇರಿದಾಗ ಮುಂಬಯಿಯಲ್ಲಿ ಬ್ಯಾಂಕುಗಳೂ ಸಮುದ್ರ ತುಂಬಿ ನೆಲಮಾಡುವ ಕಂಪನಿಗಳೂ ನಾಯಿಕೊಡೆಗಳಂತೆ ಎದ್ದಿದ್ದವು. ಯುದ್ಧ ಮುಗಿದ 1865ರಲ್ಲಿ ಶೇರುಗಳ ಬೆಲೆ ಕುಸಿದು ಪ್ರೇಮಚಂದ್ ರಾಯಚಂದ್‌ರಂಥ ದೊಡ್ಡ ವರ್ತಕರಿಂದ ಹಿಡಿದು ಸಣ್ಣ ಗುಮಾಸ್ತರವರೆಗೆ ಎಲ್ಲರೂ ನೆಲಕಚ್ಚಿದ್ದರು. ಅತ್ತ ಲಂಡನ್ನಿನಲ್ಲಿ 1869ರಲ್ಲಿ ಆಲ್ಬರ್ಟ್ ಎಂಬ ಪ್ರಸಿದ್ಧ ಜೀವವಿಮಾ ಕಂಪನಿ ಮುಳುಗಿತು. ಶೇರು ಹಾಗೂ ಕಂಪನಿ ಎಂಬ ಮಾತುಗಳಿಗೇ ಜನ ಬೆಚ್ಚುತ್ತಿದ್ದ ಅಂಥ ಹೊತ್ತಿನಲ್ಲಿ ‘ಮ್ಯೂಚುವಲ್’ ಅಥವಾ ಪರಸ್ಪರ ಪದ್ಧತಿಯನ್ನು ಆರಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ. ಈ ಪದ್ಧತಿಯಲ್ಲಿ ಶೇರುದಾರರೆಂಬ ಪ್ರತ್ಯೇಕ ಒಡೆಯರಿಲ್ಲ. ಪಾಲಿಸಿದಾರರೇ ಸಂಸ್ಥೆಯ ಒಡೆಯರು, ಉಳಿಕೆಯಾದ ಹಣ ಬೋನಸ್ ರೂಪದಲ್ಲಿ ಅವರಿಗೇ ಮರಳುತ್ತದೆ.

1874ರಲ್ಲಿ ಡಿ. ಮೆಕ್‌ಲಾಖ್ಲನ್ ಸ್ಲೇಟರ್ ಎಂಬ ವಿಮಾಗಣಿತಜ್ಞನ ಮುಂದಾಳುತನದಲ್ಲಿ ಮುಂಬಯಿಯಲ್ಲಿ ಆರಂಭವಾದ ಓರಿಯೆಂಟಲ್ ಗವರ್ನ್‌ಮೆಂಟ್ ಸೆಕ್ಯುರಿಟಿ ಲೈಫ್ ಅಶ್ಯೂರೆನ್ಸ್ ಕಂಪನಿ ತನ್ನ ಹೆಸರಿನಲ್ಲೇ ಗ್ರಾಹಕರಿಗೆ ಅಭಯವನ್ನು ಬರೆದುಕೊಂಡಿತ್ತು: ಕೂಡಿಬಂದ ಹಣ ಯಾವುದೋ ಗಿರಣಿಯ ಶೇರಿನಲ್ಲಲ್ಲ, ಸರ್ಕಾರಿ ಸಾಲಪತ್ರಗಳಲ್ಲಿ ಇರುತ್ತದೆ ಎಂಬುದು ಅದರ ಇಂಗಿತ. ಕಲ್ಕತ್ತೆಯ ಹಳೆಯ ಓರಿಯೆಂಟಲ್‌ಗೂ ಇದಕ್ಕೂ ಸಂಬಂಧವಿಲ್ಲ. ವಿಕ್ಟೋರಿಯಾ ಟರ್ಮಿನಸ್‌ನ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಅದರ ಕಚೇರಿ ಇಂದು ಹುತಾತ್ಮ ಚೌಕವೆನಿಸಿರುವ ಫ್ಲೋರಾ ಫೌಂಟನ್ ಬಳಿ ಎದ್ದುನಿಂತಿತು. ಕಟ್ಟಡಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿದೆ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದ ಮೇಲೆ ವರ್ಷಗಟ್ಟಲೆ ನಗರವನ್ನು ಕಾಡಿದ ಆ ಮಾರಿಯನ್ನೂ 1918ರ ಇನ್‌ಫ್ಲುಯೆಂಜಾವನ್ನೂ ದಾಟಿ ಬಂದ ಈ ಕಂಪನಿ, 1925ರಿಂದ 1935ರವರೆಗಿನ ತನ್ನ ಪಾಲಿಸಿದಾರರ ಮರಣದ ಅನುಭವವನ್ನು ಒಂದು ಕೋಷ್ಟಕಕ್ಕೆ ಇಳಿಸಿತು. ‘ಓರಿಯೆಂಟಲ್ 1925-35’ ಎಂದು ಕರೆಯಲಾಗುವ ಆ ಕೋಷ್ಟಕವೇ ಸ್ವಾತಂತ್ರ್ಯಾನಂತರ ದಶಕಗಳ ಕಾಲ ದೇಶದ ವಿಮಾದರಗಳಿಗೆ ಆಧಾರವಾಯಿತು; 1970-73ರ ಅನುಭವದಿಂದ ಹೊಸ ಕೋಷ್ಟಕ ಸಿದ್ಧವಾಗುವವರೆಗೂ ಅದರ ಮಾತು ನಡೆಯಿತು. ಒಂದು ಕಾಲದಲ್ಲಿ ಲೆಕ್ಕಕ್ಕೇ ಬಾರದವೆನಿಸಿದ್ದ ಜೀವಗಳು ತಮ್ಮ ಸಾವಿನ ಲೆಕ್ಕದಿಂದ ಮುಂದಿನ ತಲೆಮಾರುಗಳಿಗೆ ನ್ಯಾಯವಾದ ದರವನ್ನು ದೊರಕಿಸಿಕೊಟ್ಟವು.

ವಿಮೆಯ ಹಣ ಹುಟ್ಟುವುದು ಎಷ್ಟು ಮುಖ್ಯವೋ ಅದು ಯಾರ ಕೈಸೇರುತ್ತದೆಂಬುದೂ ಅಷ್ಟೇ ಮುಖ್ಯ. ಓರಿಯೆಂಟಲ್ ಸ್ಥಾಪನೆಯಾದ 1874ರಲ್ಲಿಯೇ ಜಾರಿಗೆ ಬಂದ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೆಯ ಕಲಮು ಈ ದೃಷ್ಟಿಯಿಂದ ಅಸಾಧಾರಣವಾದದ್ದು. ಗಂಡನು ತನ್ನ ಜೀವದ ಮೇಲೆ ಹೆಂಡತಿಯ ಅಥವಾ ಹೆಂಡತಿ ಮಕ್ಕಳ ಹಿತಕ್ಕೆಂದು ಸ್ಪಷ್ಟವಾಗಿ ನಮೂದಿಸಿ ಪಾಲಿಸಿ ಮಾಡಿಸಿದರೆ ಆ ಹಣ ಅವರ ಪರವಾದ ಟ್ರಸ್ಟ್, ಅಂದರೆ ವಿಶ್ವಸ್ತ ನಿಧಿ ಆಗುತ್ತದೆ; ಅದು ಗಂಡನ ಆಸ್ತಿಯಲ್ಲಿ ಸೇರುವುದಿಲ್ಲವಾದ್ದರಿಂದ ಅವನಿಗೆ ಸಾಲ ಕೊಟ್ಟವರು ಅದರ ಮೇಲೆ ಕೈಹಾಕುವಂತಿಲ್ಲ. ಆದರೆ ಹಿಂದೂ, ಮುಸ್ಲಿಂ, ಸಿಖ್ ಮತ್ತು ಜೈನರಿಗೆ ಈ ರಕ್ಷಣೆ ಬಹುಕಾಲ ಸ್ಪಷ್ಟವಾಗಿ ಸಿಗಲಿಲ್ಲ. 1923ರ ತಿದ್ದುಪಡಿಯು ಮದರಾಸು ಪ್ರಾಂತದಲ್ಲಿ 1913ರ ಡಿಸೆಂಬರ್ 31ರ ನಂತರ ಮಾಡಿಸಿದ ಪಾಲಿಸಿಗಳಿಗೂ ದೇಶದ ಇತರ ಭಾಗಗಳಲ್ಲಿ 1923ರ ಏಪ್ರಿಲ್ 1ರ ನಂತರದವುಗಳಿಗೂ ಅದನ್ನು ವಿಸ್ತರಿಸಿತು. ಕನ್ನಡ ಕರಾವಳಿಯವರಿಗೆ ಈ ದಿನಾಂಕಗಳು ಒಣ ಕಾನೂನಿನ ವಿವರಗಳಲ್ಲ. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಂಗಳೂರಿನಲ್ಲಿ ಪಾಲಿಸಿ ಮಾಡಿಸಿದವನ ಹೆಂಡತಿಗೆ ಹತ್ತು ವರ್ಷ ಮೊದಲೇ ಒದಗಿದ ರಕ್ಷೆ, ಮುಂಬಯಿಯ ಕೋಟೆ ಪ್ರದೇಶದ ಕಚೇರಿಯಲ್ಲಿ ಪಾಲಿಸಿ ಮಾಡಿಸಿದ ಅವನ ನೆರೆಯವನ ಹೆಂಡತಿಗೆ ಒದಗಿರಲಿಲ್ಲ.

ಬಂಟರು, ಬಿಲ್ಲವರು, ಮೊಗವೀರರಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನ ಕಟ್ಟಿನ ದೃಷ್ಟಿಯಿಂದ ನೋಡಿದರೆ ಈ ಕಲಮಿನ ಮಹತ್ವ ಇನ್ನೂ ಹೆಚ್ಚುತ್ತದೆ. ಅಳಿಯಸಂತಾನವೆಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಪದ್ಧತಿ. ಅದರಲ್ಲಿ ಗಂಡಸಿನ ವಾರಸುದಾರರು ಅವನ ಮಕ್ಕಳಲ್ಲ, ಅವನ ಸೋದರಿಯ ಸಂತಾನ. ಮಕ್ಕಳಿಗೆ ತಾಯಿಯ ಮನೆಯಲ್ಲಿ ಪಾಲು ಇದ್ದೇ ಇರುತ್ತಿದ್ದುದರಿಂದ ಊರಿನಲ್ಲಿ ಈ ಏರ್ಪಾಡು ತನ್ನದೇ ಸಮತೋಲ ಉಳ್ಳದ್ದಾಗಿತ್ತು. ಆದರೆ ಗಂಡ, ಹೆಂಡತಿ, ಮಕ್ಕಳು ಮಾತ್ರ ಒಂದು ಖೋಲಿಯಲ್ಲಿ ಸಂಸಾರ ಹೂಡಿ ಗಂಡನ ದುಡಿಮೆಯಿಂದಲೇ ಬಾಡಿಗೆ, ರೇಷನ್, ಶಾಲೆಯ ಫೀಜು ತೂಗಿಸುತ್ತಿದ್ದ ಮುಂಬಯಿಯಲ್ಲಿ ಆ ಸಮತೋಲ ಹಾಗೆಯೇ ಉಳಿಯುವಂತಿರಲಿಲ್ಲ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಮುಂಬಯಿಯಲ್ಲಿ ತಲೆಯೆತ್ತಿದ ಕಾಲವೇ ಇದು. ಊರಿನ ಕುಟುಂಬ ಮಾಡುತ್ತಿದ್ದ ಕೆಲಸದಲ್ಲಿ ಒಂದಷ್ಟನ್ನು ಜಾತಿಸಂಘಗಳು ಹೊತ್ತುಕೊಂಡವು. ಹಾಗಿದ್ದರೂ ಸಂಘದ ನೆರವು ಸಹಾಯವೇ ಹೊರತು ಹಕ್ಕಲ್ಲ. ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಪಾಲಿಸಿಯಾದರೋ ಕುಟುಂಬದ ಯಾವ ಹಿರಿಯನ ಒಪ್ಪಿಗೆಯನ್ನೂ ಕಾಯದೆ ಅವರದಾಗುವ ಹಕ್ಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವುದಕ್ಕೆ ಮೂರು ದಶಕ ಮೊದಲೇ ಕರಾವಳಿಯ ಸಂಸಾರಸ್ಥನೊಬ್ಬ ತನ್ನ ದುಡಿಮೆಯ ಫಲವನ್ನು ತನ್ನ ಹೆಂಡತಿ ಮಕ್ಕಳಿಗೆ ನೇರವಾಗಿ ತಲುಪಿಸಬಹುದಾಗಿದ್ದ ಅತ್ಯಂತ ನಿಶ್ಚಿತವಾದ ಕಾನೂನುಮಾರ್ಗಗಳಲ್ಲಿ ಇದೊಂದಾಗಿತ್ತೆಂಬುದನ್ನು ವಿಮೆಯ ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕಾಗಿದೆ.

ಗಿರಣಿಯ ಕಾರ್ಮಿಕರಿಗೆ, ಹೋಟೆಲುಗಳ ಮಾಣಿಗಳಿಗೆ ಇದಾವುದೂ ಸುಲಭವಾಗಿ ಎಟುಕುತ್ತಿರಲಿಲ್ಲ. ಸರ್ಕಾರಿ ನೌಕರರಿಗೆ ಅವರದೇ ಏರ್ಪಾಡುಗಳು ಒದಗಿದ್ದವು: 1884ರಲ್ಲಿ ಅಂಚೆ ಜೀವವಿಮೆ ಬಂದಿತ್ತು, 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ವಿಮಾ ಯೋಜನೆ ತೆರೆದಿತ್ತು, 1894ರಲ್ಲಿ ಅಂಚೆ ಇಲಾಖೆ ತನ್ನ ಮಹಿಳಾ ನೌಕರರಿಗೂ ವಿಮೆಯನ್ನು ವಿಸ್ತರಿಸಿತ್ತು. ಅಲ್ಪ ಆದಾಯದವರನ್ನು ಸುತ್ತುವರಿದದ್ದು ಪ್ರಾವಿಡೆಂಟ್ ಸೊಸೈಟಿಗಳು. ಇವುಗಳಲ್ಲಿ ಕೆಲವು ನಿಯತ್ತಿನವಾಗಿದ್ದರೂ ಹಲವು ವಯಸ್ಸು, ಆರೋಗ್ಯ ಯಾವುದನ್ನೂ ನೋಡದೆ ಸದಸ್ಯರನ್ನು ಸೇರಿಸಿಕೊಂಡು, ಆ ವರ್ಷ ವಂತಿಗೆಯಾಗಿ ಬಂದದ್ದನ್ನು ಆ ವರ್ಷ ಸತ್ತವರ ಮನೆಗಳಿಗೆ ಹಂಚಿಬಿಡುತ್ತಿದ್ದವು. ಸದಸ್ಯರಿಗೆ ವಯಸ್ಸಾಗುತ್ತ ಸಾವು ಹೆಚ್ಚಿದಂತೆ ಪಾಲು ಕುಗ್ಗುವುದು, ಪಾಲು ಕುಗ್ಗಿದಂತೆ ಹೊಸಬರು ಬಾರದಿರುವುದು, ಕೊನೆಗೆ ವರ್ಷಾನುಗಟ್ಟಲೆ ಕಟ್ಟಿದವರ ಸರದಿ ಬಂದಾಗ ಪೆಟ್ಟಿಗೆ ಬರಿದಾಗಿರುವುದು ಈ ಪದ್ಧತಿಯ ಒಡಲಲ್ಲೇ ಇದ್ದ ದೋಷ. 1912ರಲ್ಲಿ ಜೀವವಿಮಾ ಕಂಪನಿಗಳಿಗೆ ಒಂದು, ಪ್ರಾವಿಡೆಂಟ್ ಸೊಸೈಟಿಗಳಿಗೆ ಇನ್ನೊಂದು ಕಾಯ್ದೆ ಬಂದದ್ದು ಇಂಥ ಹಿನ್ನೆಲೆಯಲ್ಲಿ.

ಸ್ವದೇಶಿ ಚಳವಳಿಯ ಕಾವಿನಲ್ಲಿ ಕಂಪನಿಗಳ ಸಂಖ್ಯೆ ಬೆಳೆಯಿತು. ದೊರಾಬ್ಜಿ ಟಾಟಾ 1919ರಲ್ಲಿ ಕಟ್ಟಿದ ನ್ಯೂ ಇಂಡಿಯಾ ಅಶ್ಯೂರೆನ್ಸ್ 1929ರಲ್ಲಿ ಜೀವವಿಮೆಗೂ ಕೈಹಚ್ಚಿತು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1936ರಲ್ಲಿ ಪೂರ್ಣಗೊಂಡ ಅದರ ಕಟ್ಟಡದ ಮುಖದ ಮೇಲೆ ಶಿಲ್ಪಿ ಎನ್. ಜಿ. ಪಾನ್ಸರೆ ಕೆತ್ತಿದ ರೈತರ, ದುಡಿಯುವ ಹೆಣ್ಣುಗಂಡುಗಳ ಆಳೆತ್ತರ ಮೀರಿದ ಆಕೃತಿಗಳು ಇಂದಿಗೂ ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಸರ್ ಫಿರೋಜ್‌ಶಾ ಮೆಹತಾ ರಸ್ತೆಯಲ್ಲಿ ಲಾಹೋರಿನ ಲಕ್ಷ್ಮೀ ಇನ್ಶೂರೆನ್ಸ್ ಕಂಪನಿ ತನ್ನ ಗಡಿಯಾರ ಗೋಪುರದ ಮೇಲೆ ಲಕ್ಷ್ಮಿಯ ಮೂರ್ತಿಯನ್ನೇ ನಿಲ್ಲಿಸಿತು. ಗುಮಾಸ್ತರ, ಶಾಲಾಮಾಸ್ತರರ ಕಂತಿನ ಹಣ ಹೀಗೆ ಕಲ್ಲಾಗಿ ನಿಂತದ್ದರಲ್ಲಿ ಪ್ರದರ್ಶನವಿರಲಿಲ್ಲವೆಂದಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಈಡೇರಬೇಕಾದ ಮಾತನ್ನು ಮಾರುವವನಿಗೆ ತಾನು ಅಲ್ಲಿಯವರೆಗೂ ಇರುವೆನೆಂದು ತೋರಿಸುವ ಅಗತ್ಯವೂ ಇತ್ತು. ನಿಜವಾದ ಭದ್ರತೆ ಬಂದದ್ದು 1938ರ ವಿಮಾ ಕಾಯ್ದೆಯಿಂದ. ಜೀವನಿಧಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ಸರ್ಕಾರಿ ಹಾಗೂ ಅನುಮೋದಿತ ಸಾಲಪತ್ರಗಳಲ್ಲಿ ಇರಬೇಕೆಂದು ಅದು ವಿಧಿಸಿತು, ಮೂರು ವರ್ಷ ಕಂತು ಕಟ್ಟಿದವನು ಮುಂದೆ ಕಟ್ಟಲಾರದೆಹೋದರೂ ಅವನ ಹಣ ಪೂರ್ತಿ ಮುಳುಗದಂತೆ ‘ಸರೆಂಡರ್ ಮೌಲ್ಯ’ವನ್ನು, ಅಂದರೆ ಪಾಲಿಸಿಯನ್ನು ನಡುವೆ ಒಪ್ಪಿಸಿದಾಗ ಮರಳಿ ಸಿಗುವ ಮೊತ್ತವನ್ನು, ಖಾತರಿಗೊಳಿಸಿತು, ಹಣ ಪಡೆಯುವವರನ್ನು ಮೊದಲೇ ಹೆಸರಿಸುವ ನಾಮನಿರ್ದೇಶನಕ್ಕೆ 39ನೆಯ ಕಲಮಿನಲ್ಲಿ ಅವಕಾಶ ಕಲ್ಪಿಸಿತು.

ಕಾಯ್ದೆಯಿದ್ದರೂ ಕಂಪನಿಗಳು ಮುಳುಗುವುದು ನಿಲ್ಲಲಿಲ್ಲ. ಕೈಗಾರಿಕೋದ್ಯಮಿಗಳು ತಮ್ಮ ಹಿಡಿತದಲ್ಲಿದ್ದ ವಿಮಾ ಕಂಪನಿಗಳ ನಿಧಿಯನ್ನು ತಮ್ಮ ಇತರ ವ್ಯವಹಾರಗಳಿಗೆ ಬಳಸಿಕೊಳ್ಳುತ್ತಿದ್ದುದನ್ನು 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಬಯಲಿಗೆಳೆದರು. 1956ರ ಜನವರಿ 19ರಂದು ಅರ್ಥಮಂತ್ರಿ ಸಿ. ಡಿ. ದೇಶಮುಖ್ ಆಕಾಶವಾಣಿಯ ಮೂಲಕ ಜೀವವಿಮೆಯ ರಾಷ್ಟ್ರೀಕರಣವನ್ನು ಸಾರಿದಾಗ, ಹಿಂದಿನ ಹತ್ತು ವರ್ಷಗಳಲ್ಲಿ 25 ಕಂಪನಿಗಳು ದಿವಾಳಿಯೆದ್ದುದನ್ನೂ ಇನ್ನು 25 ಕಂಪನಿಗಳ ವ್ಯವಹಾರವನ್ನು ಪಾಲಿಸಿದಾರರಿಗೆ ನಷ್ಟವಾಗುವಂತೆ ಬೇರೆಯವರಿಗೆ ವರ್ಗಾಯಿಸಬೇಕಾಗಿ ಬಂದುದನ್ನೂ ಕಾರಣವಾಗಿ ಮುಂದಿಟ್ಟರು. 154 ಭಾರತೀಯ ಕಂಪನಿಗಳು, 16 ವಿದೇಶೀ ಕಂಪನಿಗಳು, 75 ಪ್ರಾವಿಡೆಂಟ್ ಸೊಸೈಟಿಗಳು, ಒಟ್ಟು 245 ಸಂಸ್ಥೆಗಳು ಒಂದಾಗಿ ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮ ಅಸ್ತಿತ್ವಕ್ಕೆ ಬಂತು. ಮುಂಬಯಿ ಅದರ ಕೇಂದ್ರವಾಯಿತು. ನಿಗಮದ ಕಾಯ್ದೆಯ 37ನೆಯ ಕಲಮು ವಿಮಾಮೊತ್ತಕ್ಕೂ ಬೋನಸ್ಸಿಗೂ ಕೇಂದ್ರ ಸರ್ಕಾರದ ಖಾತರಿ ನೀಡಿತು. ಹಾಗೆಂದು ಸರ್ಕಾರದ ಕೈಸೇರಿದ ಮಾತ್ರಕ್ಕೆ ನಿಧಿ ನಿರಪಾಯವಾಯಿತೆನ್ನುವಂತಿರಲಿಲ್ಲ. ಮರುವರ್ಷವೇ ಉದ್ಯಮಿ ಹರಿದಾಸ್ ಮುಂಧ್ರಾನ ಆರು ಕಂಪನಿಗಳ ಶೇರುಗಳಲ್ಲಿ ನಿಗಮ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿದ್ದು ಹಗರಣವಾಯಿತು. 1958ರ ಆರಂಭದಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಬಹಿರಂಗವಾಗಿ ನಡೆಸಿದ ವಿಚಾರಣೆಯ ಫಲವಾಗಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಬೇಕಾಯಿತು. ಪಾಲಿಸಿದಾರರ ಹಣವೆಂದರೆ ಪರರ ಮಕ್ಕಳ ಅನ್ನವೆಂಬ ಎಚ್ಚರವನ್ನು ಆ ವಿಚಾರಣೆ ಆಡಳಿತಕ್ಕೆ ಕಲಿಸಿದಷ್ಟು ಬೇರಾವುದೂ ಕಲಿಸಲಿಲ್ಲ.

ನಗರ ಉತ್ತರಕ್ಕೆ ಹಬ್ಬಿದಂತೆ ವಿಮೆಯೂ ಕೋಟೆ ಪ್ರದೇಶದಿಂದ ಮಾಟುಂಗಾ, ಚೆಂಬೂರು, ಘಾಟ್‌ಕೋಪರ್, ಮುಲುಂದ್, ಬೋರಿವಲಿಗಳಿಗೆ ಹಬ್ಬಿತು. ಕನ್ನಡಿಗ ಏಜೆಂಟ್ ಕನ್ನಡಿಗರ ಮನೆಗೆ, ಮರಾಠಿ ಏಜೆಂಟ್ ಮರಾಠಿಗರ ಚಾಳಿಗೆ ಹೋಗಿ ಪರಿಚಯದ ಬಲದಿಂದ ಪಾಲಿಸಿ ಮಾಡಿಸುವ ಪದ್ಧತಿ ಬೇರೂರಿತು. ಕಾಗದದ ಮೇಲೆ ಅಚ್ಚಾದ, ಎರಡು ಕೈಗಳು ದೀಪದ ಕುಡಿಯನ್ನು ಕಾಯುವ ಚಿಹ್ನೆಯ ಬಾಂಡ್ ಕಬ್ಬಿಣದ ಟ್ರಂಕಿನಲ್ಲಿ ಮದುವೆಯ ಸೀರೆಯ ಅಡಿ ಸೇರಿತು. ಆ ಬಾಂಡಿನ ಹಿಂದೆ ಪ್ರಸ್ತಾವನಾ ಅರ್ಜಿಯೊಂದಿರುತ್ತಿತ್ತು: ತಂದೆ ತಾಯಿ ಬದುಕಿದ್ದಾರೆಯೇ, ಇಲ್ಲದಿದ್ದರೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ತೀರಿಕೊಂಡರು, ಒಡಹುಟ್ಟಿದವರ ಆರೋಗ್ಯ ಹೇಗಿದೆ, ಕ್ಷಯವಿತ್ತೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬರೆಯಬೇಕಿತ್ತು. ಜನನದ ದಾಖಲೆಯಿಲ್ಲದವರಿಗೆ ಜಾತಕವೂ ವಯಸ್ಸಿನ ಪುರಾವೆಯಾಗುತ್ತಿತ್ತು. ಆದರೆ ಅದು ಎರಡನೆಯ ದರ್ಜೆಯ ಪುರಾವೆ. ಮಹಿಳೆಯರ ವಿಷಯದಲ್ಲಿ ತಾರತಮ್ಯ ಇನ್ನೂ ಬಹುಕಾಲ ಉಳಿಯಿತು. ಸ್ವಂತ ದುಡಿಮೆಯುಳ್ಳವರು, ಆಸ್ತಿಯ ಆದಾಯವುಳ್ಳವರು, ಯಾವುದೂ ಇಲ್ಲದ ಗೃಹಿಣಿಯರು ಎಂಬಂತೆ ನಿಗಮ ಅವರನ್ನು ವರ್ಗಗಳಾಗಿ ವಿಂಗಡಿಸಿ ಕೊನೆಯವರಿಗೆ ಬಿಗಿಯಾದ ಮಿತಿಗಳನ್ನು ಹಾಕುತ್ತಿತ್ತು. ಮನೆಯ ಹೆಣ್ಣು ತೀರಿಕೊಂಡರೆ ಸಂಸಾರಕ್ಕಾಗುವ ನಷ್ಟಕ್ಕೆ ರೂಪಾಯಿಯಲ್ಲಿ ಬೆಲೆಯಿಲ್ಲವೆಂಬ ಈ ಎಣಿಕೆ, ಹಿಂದೆ ಭಾರತೀಯ ಜೀವವನ್ನು ಕೆಳದರ್ಜೆಯದೆಂದ ಎಣಿಕೆಯ ಮುಂದುವರಿಕೆಯೇ ಸರಿ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಮತ್ತೆಂದೂ ಪೂರ್ತಿಯಾಗಿ ಕೆಲಸಕ್ಕೆ ಮರಳದೆಹೋದ ಪ್ರಸಂಗ, ಸಂಬಳವನ್ನೇ ನೆಚ್ಚಿದ ಎಲ್ಲ ಏರ್ಪಾಡುಗಳ ಮಿತಿಯನ್ನೂ ತೋರಿಸುತ್ತದೆ. ಸಂಬಳ ನಿಂತರೆ ಕಂತೂ ನಿಲ್ಲುತ್ತದೆ. ಕಂತು ಕಟ್ಟಲು ಸಾಮಾನ್ಯವಾಗಿ ಒಂದು ತಿಂಗಳ ರಿಯಾಯಿತಿ ಅವಧಿಯಿದೆ, ತಿಂಗಳ ಕಂತಿಗಾದರೆ ಹದಿನೈದು ದಿನ. ಅದು ಮೀರಿದರೆ ಪಾಲಿಸಿ ‘ಲ್ಯಾಪ್ಸ್’ ಆಗುತ್ತದೆ, ಎಂದರೆ ರಕ್ಷಣೆ ಕಡಿದುಹೋಗುತ್ತದೆ. ವಿಮೆ ಹೆಚ್ಚು ಬೇಕಾಗುವ ಮನೆಯೇ ಅದನ್ನು ಮೊದಲು ಕಳೆದುಕೊಳ್ಳುವ ಮನೆಯೂ ಆಗಿರುವುದು ಈ ಪದ್ಧತಿಯ ಇನ್ನೂ ಪರಿಹಾರ ಕಾಣದ ಸಂಕಟ.

ವಿಮಾರಂಗವನ್ನು ಖಾಸಗಿಯವರಿಗೂ ತೆರೆಯಬೇಕೆಂಬ ಮಲ್ಹೋತ್ರಾ ಸಮಿತಿಯ 1994ರ ಶಿಫಾರಸು, 1999ರ ವಿಮಾ ನಿಯಂತ್ರಣ ಪ್ರಾಧಿಕಾರದ ಕಾಯ್ದೆ ಇವುಗಳ ನಂತರ 2000ದಲ್ಲಿ ಖಾಸಗಿ ಕಂಪನಿಗಳು ಮರಳಿದವು. ಅವುಗಳಲ್ಲಿ ಮೊದಲಿನವಾದ ಎಚ್‌ಡಿಎಫ್‌ಸಿ ಹಾಗೂ ಐಸಿಐಸಿಐ ಸಮೂಹದ ಕಂಪನಿಗಳು ಮುಂಬಯಿಯವೇ. ಈ ಕಾಲದ ದೊಡ್ಡ ಗೊಂದಲವೆಂದರೆ ವಿಮೆಯನ್ನು ತೆರಿಗೆ ಉಳಿಸುವ, ಹಣ ಬೆಳೆಸುವ ಸಾಧನವಾಗಿ ಮಾರುವುದು. ಅವಧಿ ಮುಗಿದಾಗ ಬದುಕಿರುವವನಿಗೂ ಹಣ ಮರಳಿಸುವ ಎಂಡೋಮೆಂಟ್ ಪಾಲಿಸಿಯಲ್ಲಿ ಕಂತಿನ ಬಹುಭಾಗ ಉಳಿತಾಯಕ್ಕೆ ಹೋಗುತ್ತದೆ, ಆದ್ದರಿಂದ ಅದೇ ಕಂತಿಗೆ ಸಿಗುವ ವಿಮಾಮೊತ್ತ ಚಿಕ್ಕದಾಗಿರುತ್ತದೆ. ಸತ್ತರೆ ಮಾತ್ರ ಹಣ ಸಲ್ಲುವ ಟರ್ಮ್ ವಿಮೆಯಲ್ಲಿ ಅದು ಹಲವು ಪಟ್ಟು ದೊಡ್ಡದಾಗಿರುತ್ತದೆ. ಬದುಕಿದವನಿಗೆ ಏನೂ ಮರಳದಿರುವುದನ್ನು ನಷ್ಟವೆಂದೆಣಿಸುವ ಮನಸ್ಸಿನಿಂದಾಗಿ ಎಷ್ಟೋ ಮನೆಗಳಲ್ಲಿ ನಾಲ್ಕೈದು ಪಾಲಿಸಿಗಳಿದ್ದೂ ಅವುಗಳ ಒಟ್ಟು ಮೊತ್ತ ಯಜಮಾನನ ಎರಡು ವರ್ಷದ ಸಂಬಳಕ್ಕೂ ಸಮನಾಗದ ಸ್ಥಿತಿಯಿದೆ. ಉಪನಗರ ರೈಲ್ವೆಯ ಹಳಿಗಳ ಮೇಲೆ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುವ ಊರಿನಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಮನೆಯ ಸಾಲ ಹೊತ್ತ ವಿರಾರಿನ ಅಥವಾ ಕಲ್ಯಾಣದ ಪ್ರಯಾಣಿಕನಿಗೆ ಬೇಕಾಗಿರುವುದು ಮೊದಲು ಆ ದೊಡ್ಡ ಮೊತ್ತದ ರಕ್ಷಣೆ; ಉಳಿತಾಯಕ್ಕೆ ಬೇರೆ ದಾರಿಗಳಿವೆ.

ಹಣ ಯಾರದೆಂಬ ಹಳೆಯ ಪ್ರಶ್ನೆಯೂ ಮುಗಿದಿರಲಿಲ್ಲ. ನಾಮಿನಿಯೆಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವನೇ ಹೊರತು ಅದರ ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ತೀರ್ಪಿತ್ತಿತು. ವಿಮಾ ಕಾಯ್ದೆಯ 2015ರ ತಿದ್ದುಪಡಿ, ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ಇವರನ್ನು ನಾಮಿನಿಯಾಗಿ ಹೆಸರಿಸಿದ್ದರೆ ಹಣದ ಹಕ್ಕೂ ಅವರದೇ ಎಂದು ಬದಲಿಸಿತು. ಜೊತೆಗೆ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲವೆಂದು 45ನೆಯ ಕಲಮನ್ನು ಬಿಗಿಗೊಳಿಸಿತು. ಆದರೆ ಮದುವೆಗೆ ಮೊದಲು ತಾಯಿಯ ಹೆಸರು ಬರೆಸಿ ಆಮೇಲೆ ಬದಲಿಸಲು ಮರೆತವನ ಹೆಂಡತಿಗೆ ನಾಮಿನಿಯ ಈ ಹೊಸ ನಿಯಮದಿಂದ ತೊಂದರೆಯಾಗುವ ಸಂಭವವಿದೆ. ಮುಂಬಯಿಯಂಥ ವಲಸೆಯ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ಪಾಲಿಸಿ ಮಾಡಿಸಿದವನು ನಗರದಲ್ಲಿ, ಅದರ ಹಕ್ಕುದಾರರು ಕುಂದಾಪುರದಲ್ಲೋ ಸಾಂಗ್ಲಿಯಲ್ಲೋ ಇರುತ್ತಾರೆ. ಕೋಣೆ ಬದಲಾಗುವಾಗ ಕಾಗದ ಕಳೆದಿರುತ್ತದೆ, ಏಜೆಂಟ್ ನಿವೃತ್ತನಾಗಿರುತ್ತಾನೆ, ಮನೆಯವರಿಗೆ ಪಾಲಿಸಿಯಿದ್ದ ಸಂಗತಿಯೇ ತಿಳಿದಿರುವುದಿಲ್ಲ. ಹತ್ತು ವರ್ಷ ಯಾರೂ ಕೇಳದ ಹಣವನ್ನು ಕಂಪನಿಗಳು ಈಗ ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ವರ್ಗಾಯಿಸಬೇಕು. ಅಲ್ಲಿಯೂ 25 ವರ್ಷಗಳವರೆಗೆ ವಾರಸುದಾರರು ಅದನ್ನು ಕೇಳಿ ಪಡೆಯಬಹುದು, ಆಮೇಲೆ ಅದು ಸರ್ಕಾರದ್ದಾಗುತ್ತದೆ. ಪ್ರತಿಯೊಂದು ಕಂಪನಿಯೂ ತನ್ನ ಜಾಲತಾಣದಲ್ಲಿ ಇಂಥ ಹಣವನ್ನು ಹುಡುಕುವ ಸೌಲಭ್ಯ ಇಟ್ಟಿರಬೇಕೆಂಬ ನಿಯಮವಿದೆ. ತೀರಿಕೊಂಡವರ ಹೆಸರು, ಜನ್ಮದಿನಾಂಕ, ಸಿಕ್ಕರೆ ಪಾಲಿಸಿ ಸಂಖ್ಯೆ, ಇಷ್ಟನ್ನಿಟ್ಟುಕೊಂಡು ಊರಿನಲ್ಲಿ ಕುಳಿತೇ ಆ ಹುಡುಕಾಟವನ್ನು ಆರಂಭಿಸಬಹುದು.